ಏಳು ಕಡೆ ಇರುವ ಆ ಒಂದು ಗುರುತು

ತಮ್ಮಾ ಹನಮ್ಯಾ,

ಓದುವ ಮೊದಲು ಬೈಸಿಕೋ. ಬದುಕಿದ್ದಾಗ ಒಂದು ಸಲ ಬಾಯಿ ಬಿಟ್ಟು ಹೇಳಿ ಹೋಗಲು ನಿನಗೇನು ಧಾಡಿಯಾಗಿತ್ತು? ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು, ತಪ್ಪೋ ಒಪ್ಪೋ ಇಷ್ಟುದ್ದ ಬರೆಯುತ್ತಿದ್ದೇನೆ. ನೀನು ಶಾಲೆಯ ಕಿಟಕಿ ಹಾರಿ ಬಾವಿ ತೋಡುವವರ ಸಂಗ ಹಿಡಿದೆ. ಸತ್ತು ಮೂರು ವರ್ಷವಾದ ಮೇಲೂ ನಿನ್ನ ಸೋಮಾರಿತನ ನನ್ನ ಕುತ್ತಿಗೆಗೆ ಬಂದಿದೆ.

ಗಜೇಂದ್ರಗಡದ ಮನೆಯಲ್ಲಿ ನಾನು ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದರೆ ನೀನು ಹೊಸ್ತಿಲ ಮೇಲೆ ಕೂತು ಕೆಂಪು ರಟ್ಟಿನ ವಹಿಯಲ್ಲಿ ಗೀಚುತ್ತಿದ್ದದ್ದು ನೆನಪಿದೆಯೇ? ಅಕ್ಷರ ಬಾರದವನು ಗುರುತುಗಳನ್ನು ನನ್ನ ಸೀರೆಯಿಂದಲೇ ಕದ್ದೆ. ಉರುಟು ಬಂಡೆ ಸಿಕ್ಕಲ್ಲಿ ದಡಿಯ ರುದ್ರಾಕ್ಷಿ, ಪದರುಗಲ್ಲು ಸಿಕ್ಕಲ್ಲಿ ಸಾಲು ಗೆರೆಯ ಗೋಮಿ ದಡಿ. ಸೆರಗಿನ ತೆನೆ ಯಾವ ಕಡೆ ವಾಲಿದೆಯೋ ನೆಲದೊಳಗೆ ಕಲ್ಲು ಆ ಕಡೆ ಇಳಿದಿದೆ ಎಂದು ಅರ್ಥ. "ಅಕ್ಕಾ, ನೀ ಮ್ಯಾಲ ನೇಯ್ತಿ, ನಾ ಕೆಳಗ ಓದ್ತೀನಿ" ಅನ್ನುತ್ತಿದ್ದೆ. ಪುಟದ ತಲೆಗೆ ಊರಿನ ಹೆಸರನ್ನು ಮಾತ್ರ ನನ್ನಿಂದ ಬರೆಸುತ್ತಿದ್ದೆ. ರೋಣ, ನರಗುಂದದ ಕಡೆಯ ಎಷ್ಟು ಬಾವಿಗಳು ಆ ವಹಿಯಲ್ಲಿವೆಯೋ...

ಧಾರವಾಡದಲ್ಲಿ ಕಲ್ಲುಮಣ್ಣಿನ ವಿದ್ಯೆ ಓದುವ ನನ್ನ ಮೊಮ್ಮಗಳು ರೇಣುಕಾ ಆ ವಹಿ ಕಂಡ ದಿನ ಊಟ ಮರೆತು ಕೂತಳು. ನಕ್ಷೆ ಮಾಡುವ ಸಾಫ್ಟ್‌ವೇರ್ ಒಂದಿದೆಯಂತೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಒಳಗೆಲ್ಲ ಬಿಚ್ಚಿ ನೋಡಿ ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಅದರಲ್ಲಿ ಸಾಹೇಬರ ಗುರುತುಗಳಿವೆ, ನಿನ್ನವು ಇಲ್ಲ. ಅದಕ್ಕೆ ಅವಳು ನಿನ್ನ ಗುರುತುಗಳದೇ ಒಂದು ಫಾಂಟ್ ಮಾಡಿದಳು. ಅಕ್ಷರ ಇರುವ ಜಾಗದಲ್ಲಿ ಒಂದೊಂದು ಗುರುತನ್ನು ಕೂರಿಸಿದ್ದಾಳೆ. ಕ ಒತ್ತಿದರೆ ಗೋಮಿ, ರ ಒತ್ತಿದರೆ ರುದ್ರಾಕ್ಷಿ. ತೆನೆಯನ್ನಂತೂ ನಕ್ಷೆಯ ಮೇಲೆ ಬೇಕಾದ ದಿಕ್ಕಿಗೆ ತಿರುಗಿಸುತ್ತಾಳೆ. ಫಾಂಟಿಗೆ ನಿನ್ನ ಹೆಸರನ್ನೇ ಇಟ್ಟಿದ್ದಾಳೆ ಕಣೋ. ನಾನು ಪಕ್ಕದಲ್ಲಿ ಕೂತು ಒಂದೊಂದರ ಅರ್ಥ ಹೇಳಿದೆ. ಹೇಳುವಾಗ ಎಷ್ಟು ಸೊಕ್ಕು ಬಂದಿತ್ತು ಗೊತ್ತೇ?

ಆಗ ಆ ಗುರುತು ಬಂತು. ಒಂದು ಸುತ್ತು, ಒಳಗೆ ಮೂರು ಗೀರು. ಅಂಥದ್ದು ಯಾವ ಸೀರೆಯಲ್ಲೂ ಇಲ್ಲ. "ಆಯಿ, ಇದೇನು?" ಎಂದಳು. ಗೊತ್ತಿಲ್ಲ ಅನ್ನಲು ನನ್ನ ನಾಲಿಗೆ ಏಳಲಿಲ್ಲ. "ಸೀ ನೀರು" ಅಂದುಬಿಟ್ಟೆ. ವಹಿಯಲ್ಲಿ ಅದು ಏಳು ಕಡೆ ಇತ್ತು. ನಾನು ಹೇಳಿದ ಸುಳ್ಳು ಒಂದೇ, ನಕ್ಷೆಯಲ್ಲಿ ಏಳೂ ಜಾಗ ಸೀ ನೀರಾದವು.

ನಿನ್ನ ಜೋಡಿ ಬಾವಿ ಇಳಿಯುತ್ತಿದ್ದ ಪುರ್ತಗೇರಿಯ ಇಮಾಮಸಾಬ ಆ ನಕ್ಷೆಯ ಹಾಳೆಯನ್ನು ಕಣ್ಣಿಗೊತ್ತಿಕೊಂಡು ಒಯ್ದ. ಅವನ ಹೊಲದ ಅಂಚಿಗೆ ಆ ಗುರುತಿದೆ, ನೀನು ಮೊಳಕಾಲುದ್ದ ಅಗೆದು ಬಿಟ್ಟು ಬಂದ ಜಾಗ. ಬರುವ ತಿಂಗಳ ಮೊದಲ ಸೋಮವಾರ ಅವನ ಮಗ ರಾಜೇಸಾಬ ಅಲ್ಲಿ ಬಾವಿಗೆ ಗುದ್ದಲಿ ಹಾಕುತ್ತಾನೆ.

ಹೋದ ವಾರ ರೇಣುಕಾ ಏಳೂ ಊರಿನ ಹೆಸರು ಓದಿದಳು. ಕಡೆಯದು ಜಕ್ಕಲಿ. ನನ್ನ ಕೈಯ ಲಾಳಿ ನಿಂತುಬಿಟ್ಟಿತು. ಜಕ್ಕಲಿಯ ಬಾವಿಯ ಬದಿ ಕುಸಿದು ನಿನ್ನನ್ನು ಎದೆಯವರೆಗೆ ಹೂತದ್ದು, ಇಮಾಮಸಾಬ ಕೈಯಿಂದ ಮಣ್ಣು ಬಗೆದದ್ದು, ಚಕ್ಕಡಿಯಲ್ಲಿ ನಿನ್ನನ್ನು ದವಾಖಾನೆಗೆ... ಆ ಸಲವೇನೋ ಉಳಿದುಕೊಂಡೆ. ಹಾಗಾದರೆ ಅದು ಕುಸಿಯುವ ನೆಲದ ಗುರುತೇ? ಆದರೆ ಏಳರಲ್ಲಿ ರೋಣದ ಬಾವಿಯೂ ಒಂದು. ಅದರ ನೀರು ನಾನೇ ಕುಡಿದಿದ್ದೇನೆ, ಸಿಹಿಯೇ. ಯಾವುದನ್ನು ನಂಬಲಿ? ಇಮಾಮಸಾಬನಿಗೆ ಫೋನು ಹಚ್ಚಿ ಸುತ್ತಿ ಬಳಸಿ ಕೇಳಿದೆ. "ಅಂವ ಬರೀತಿದ್ದ, ನಾ ಅಗೀತಿದ್ದೆ. ವಹಿ ಯಾರ್ ನೋಡ್ಯಾರ್ರಿ ಅಕ್ಕಾರ" ಅಂದ.

ನಿನ್ನೆ ಮುಂಜಾನೆ ರೇಣುಕಾಳಿಗೆ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ, ಅದೇ ಹೆಚ್ಚು ಉರಿಯಿತು. ಫಾಂಟ್ ತೆರೆದು ಆ ಗುರುತಿನ ಹೆಗಲಿಗೆ ಒಂದು ಪ್ರಶ್ನೆಯ ಚಿಹ್ನೆ ಕೂರಿಸಿದಳು, ಕಣ್ಣೆದುರೇ ಏಳು ಕಡೆಯೂ ಮೂಡಿತು. ಕೆಳಗೆ 'ಅರ್ಥ ಗೊತ್ತಿಲ್ಲ' ಎಂದು ಬರೆದಳು. ಆದರೆ ಪುರ್ತಗೇರಿಗೆ ಹೋದ ಹಾಳೆ? ಕಾಗದದ ಮೇಲಿನದು ತಾನಾಗಿ ತಿದ್ದಿಕೊಳ್ಳುತ್ತದೆಯೇ? ರೇಣುಕಾ ರಾಜೇಸಾಬನಿಗೆ ಹೊಸ ನಕ್ಷೆ ಕಳಿಸಿದಳು. ಅವನು ನಕ್ಕು, "ಹಳೇದಽ ಚಲೋ ಐತಿ ತಂಗಿ, ಅದರಾಗ ನೀರ್ ಐತಿ" ಅಂದನಂತೆ.

ಹೆರಿಗೆ ಮುಗಿಸಿ ಬಂದ ಅವನ ಹೆಂಡತಿಯನ್ನು ಮೊನ್ನೆ ಸಂತೆಯಲ್ಲಿ ನೋಡಿದೆ. ಮಾತನಾಡಿಸಲು ಧೈರ್ಯವಾಗದೆ ಮೆಣಸಿನಕಾಯಿ ಚೀಲದ ಮರೆಗೆ ನಿಂತೆ. ನಾನು, ನಿನ್ನ ಅಕ್ಕ, ಮರೆಗೆ ನಿಂತೆ.

ನಾಳೆ ಮೊದಲ ಬಸ್ಸಿಗೆ ಪುರ್ತಗೇರಿಗೆ ಹೋಗುತ್ತೇನೆ. ನಾನು ಸುಳ್ಳು ಹೇಳಿದೆ ಎಂದು ಎಲ್ಲರ ಮುಂದೆ, ಆ ಬಾಣಂತಿಯ ಮುಂದೆಯೂ ಹೇಳುತ್ತೇನೆ. ಉಗುಳಿದರೆ ಉಗುಳಲಿ. ಕೇಳದಿದ್ದರೆ ಆ ಗುರುತಿನ ಮೇಲೆಯೇ ಕೂರುತ್ತೇನೆ, ಮುದುಕಿಯನ್ನು ಅಗೆದು ತೆಗೆಯಲಾರರು. ಆದರೆ ನೀರು ಬೇಕಾದವರನ್ನು ಎಷ್ಟು ದಿನ ತಡೆಯಲಿ? ಹಾಗಾದರೆ ಖರೇ ಏನು ಎಂದು ಅವರು ಕೇಳಿದರೆ ನನ್ನ ಬಾಯಲ್ಲಿ ಏನಿದೆ?

ಕನಸಿನಲ್ಲಿ ಬಂದು ಹಲ್ಲು ಕಿರಿದು ಹೋಗಬೇಡ. ನೀರೋ, ಕುಸಿತವೋ, ಒಂದೇ ಮಾತು ಸಾಕು. ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಕೊಡು.