ಧ್ವಜಕ್ಕ ನೂಲು ತೆಗೆದಾಕಿ

ವೆಸ್ಟ್ ಮಾಂಬಲಂ, ಚೆನ್ನೈ
ಆಗಸ್ಟ್ ೧೭, ೨೦೨೪

ಪ್ರೀತಿಯ ಅಕ್ಕಾ,

ನಿನ್ನ ಕಾಲಿಗೆ ನಮಸ್ಕಾರ. ಮೊಣಕಾಲು ನೋವು ಹೆಂಗದ? ನಾ ಕಳಿಸಿದ ಎಣ್ಣಿ ಹಚ್ಚಿಕೊಳ್ಳಾಕತ್ತೀಯೋ, ಅದನ್ನೂ ಓಣಿಯವರಿಗೆ ಕೊಟ್ಟುಬಿಟ್ಟೀಯೋ? ನಿನ್ನ ಸ್ವಭಾವ ನನಗ ಗೊತ್ತದ. ನಾನೂ ಮನಿಯಾಕಿ ಸರಸಳೂ ಆರಾಮದೀವಿ.

ಮೊನ್ನೆ ಹದಿನೈದಕ್ಕ ನಮ್ಮ ಫ್ಲ್ಯಾಟಿನ ಮಂದಿ ಧ್ವಜ ಹಾರಿಸೋ ಮರ್ಯಾದಿ ನನಗ ಕೊಟ್ಟರು, ರೈಲ್ವೆದಾಗ ಇದ್ದ ಹಿರಿಯಾಂವ ಅಂತ. ಎರಡು ಮಾತು ಹೇಳ್ರಿ ಅಂದರು. ಕೇಸರಿ ತ್ಯಾಗಕ್ಕ, ಬಿಳಿ ಸತ್ಯಕ್ಕ, ಹಸಿರು ಬೆಳೆಯೋ ನೆಲಕ್ಕ. ನಡುವಿನ ಇಪ್ಪತ್ತನಾಲ್ಕು ಕಡ್ಡಿಯ ಚಕ್ರ ಅಶೋಕನ ಕಂಬದ್ದು. ಸ್ವಾತಂತ್ರ್ಯಕ್ಕ ಮೊದಲು ಆ ಜಾಗದಾಗ ಚರಕ ಇತ್ತು ಅಂದೆ. ಚಪ್ಪಾಳೆ ಬಿತ್ತು. ಆಗ ಮೊಮ್ಮಗಳು, ನಮ್ಮ ಹರ್ಷಿಣಿಯ ಮಗಳು ಚಿನ್ಮಯಿ, ಎಲ್ಲರ ಮುಂದ ಎದ್ದು, "ತಾತಾ, ಅಂದ ಚರಕಾ ಯಾರ್ ಸುತ್ತುವಾಂಗ?" ಅಂದಳು. ಚರಕ ತಿರುಗಿಸೋರು ಯಾರು ಅಂತ. ನಮ್ಮೂರು ಗರಗದಾಗ ನನ್ನ ಸ್ವಂತ ಅಕ್ಕ ಐವತ್ತು ವರ್ಷ ಧ್ವಜದ ಬಟ್ಟಿಗೆ ನೂಲು ತೆಗೆದಾಳ ಅನ್ನೋದು ನಾಲಿಗಿ ತುದಿಗೆ ಬಂತು. ಎದುರಿಗೆ ಹರ್ಷಿಣಿಯ ಮಾವ, ನಮ್ಮ ಬೀಗರು, ಕೂತಿದ್ದರು. "ಯಾರೋ ಹಳ್ಳಿ ಹೆಣ್ಣುಮಕ್ಕಳು" ಅಂದುಬಿಟ್ಟೆ. ಮ್ಯಾಲೆ ಹಾರ್ತಿದ್ದದ್ದೂ ಪಾಲಿಸ್ಟರ್. ಅದಕ್ಕ ಪರವಾನಗಿ ಸಿಕ್ಕ ಮ್ಯಾಲೆ ನೂಲಿನ ಕೆಲಸ ಕಮ್ಮಿ ಆಗೇದ ಅಂತ ನೀ ಫೋನಿನ್ಯಾಗ ಹೇಳಿದಾಗ, "ಕಾಲ ಬದಲಾಗ್ತದ ಬಿಡು" ಅಂದಿದ್ದೆ. ನಿನ್ನ ಕೂಲಿಯಿಂದ ಓದಿದಾಂವ ನಾನು, ಎಷ್ಟು ಸಲೀಸಾಗಿ ಅಂದೆ!

ಮಧ್ಯಾಹ್ನ ಚಿನ್ಮಯಿಗೆ ನಿನ್ನ ಫೋಟೋ ತೋರಿಸಿ ಎಲ್ಲಾ ಹೇಳಿದೆ. "ನಮ್ಮ ಫೋನ್ ಪಾಟ್ಟಿಯಾ?" ಅಂತ, ಫೋನಿನ್ಯಾಗ ಮಾತಾಡೋ ಅಜ್ಜಿಯೇನು ಅಂತ, ಕಣ್ಣರಳಿಸಿದಳು. ಬೆಳಿಗ್ಗೆ ಯಾಕ ಹೇಳಲಿಲ್ಲ ಅಂತ ಕೇಳಿದಳು.

ಬಿಸಿಲಾಗ ತಿರುಗಬ್ಯಾಡ, ಹೊತ್ತಿಗೆ ಸರಿಯಾಗಿ ಉಣ್ಣು. ಸರಸಳ ನಮಸ್ಕಾರ, ಚಿನ್ಮಯಿಯ ಮುತ್ತು.

ನಿನ್ನ ತಮ್ಮ,
ರಾಮದಾಸ

ತಾ.ಕ.: ಇದನ್ನ ಬರೀದೇ ಲಕೋಟಿ ಅಂಟಿಸೋಣ ಅಂತಿದ್ದೆ, ಮನಸ್ಸು ಕೇಳಲಿಲ್ಲ. ಹದಿನಾಲ್ಕು ವರ್ಷದ ಹಿಂದ ಹರ್ಷಿಣಿ ಮದುವ್ಯಾಗ ಬೀಗರು ನಿನ್ನ ತೋರಿಸಿ ಯಾರು ಅಂತ ಕೇಳಿದಾಗ, "ಅಡಗಿ ಸಹಾಯಕ್ಕ ಊರಿಂದ ಬಂದಾರ" ಅಂದೆ. ನೀ ಬಾಗಿಲದಾಗೇ ಇದ್ದಿ. ನನ್ನ ಸುಳ್ಳು ಉಳೀಲಿ ಅಂತ ಸಂಜೀತನಕ ಅಡಗಿಮನಿ ಬಿಟ್ಟು ಹೊರಗ ಬರಲಿಲ್ಲ. ಅವತ್ತಿನಿಂದ ಚೆನ್ನೈಗೇ ಬರಲಿಲ್ಲ. ನಿನ್ನೆ ಬೀಗರ ಮನಿಗೆ ಹೋಗಿ ನಿಜ ಹೇಳಿದೆ. "ಅವತ್ತೇ ತಿಳೀತು, ನಿಮ್ಮಿಬ್ಬರ ಮುಖ ಒಂದೇ ಅಲ್ವಾ" ಅಂದರು. ದಸರಾ ರಜಾಕ್ಕ ಚಿನ್ಮಯಿ ನಿನ್ನ ಹತ್ತಿರ ಬರ್ತಾಳಂತ. ಅಕ್ಕಾ, ಆಕಿ ಜೋಡಿ ನಾನೂ ಬರಲೇನು?