ಬೀಗರ ಔತಣದ ದಿನ ಗೋಲು ಕಾಯಲು ಕರೆಸಿಕೊಂಡವರಿಗೆ

ಮಾನ್ಯ ಲೀಗ್ ಅಧ್ಯಕ್ಷರೇ,

ನಿಮ್ಮ ದಯೆಯಿಂದ ನಮ್ಮ ಮನೆಯ ಬೀಗರ ಔತಣಕ್ಕೆ ಮದುಮಗಳೇ ಇರಲಿಲ್ಲ. ಅದನ್ನು ಹೇಗೋ ನುಂಗಿಕೊಂಡೆ. ಅವಳನ್ನು ಕಳಿಸಿಕೊಟ್ಟಿದ್ದಕ್ಕೆ ಪ್ರತಿಯಾಗಿ ನೀವು ಮಾಡಿದ್ದು ಮಾತ್ರ ಗಂಟಲಲ್ಲಿ ಇಳಿಯುತ್ತಿಲ್ಲ. ಮಹಿಳೆಯರ ರಾಷ್ಟ್ರೀಯ ವೃತ್ತಿಪರ ಫುಟ್‌ಬಾಲ್ ಲೀಗ್ ಎಂದು ಮಾರುದ್ದದ ಹೆಸರಿಟ್ಟುಕೊಂಡಿದ್ದೀರಿ. ಈ ವರ್ಷ ನೀವು ನಡೆಸಿದ ಸೀಸನ್ ನೆನೆದರೆ ನನಗೆ ಹೇಸಿಗೆಯಾಗುತ್ತದೆ.

ನಾನು ಸರಸ್ವತಿಪುರಂನವಳು, ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿ ನಿವೃತ್ತಳಾದವಳು. ಫುಟ್‌ಬಾಲಿನ ಗಂಧಗಾಳಿಯೂ ನನಗಿರಲಿಲ್ಲ. ಮಗ ಲಿಖಿತ್ ಇಷ್ಟಪಟ್ಟ ಹುಡುಗಿ, ರಾಜೀವನಗರದ ಸಿಂಚನ, ನಿಮ್ಮ ಲೀಗಿನ ತಂಡವೊಂದರ ಗೋಲ್‌ಕೀಪರ್. ಇಷ್ಟು ಕಾಲ ಬೆಂಚಿನ ಮೇಲೆ ಕೂತು ಇನ್ನೊಬ್ಬಳು ಗೋಲು ಕಾಯುವುದನ್ನು ನೋಡಿದವಳು. ಈ ಸಲ ಮೊದಲ ಗೋಲ್‌ಕೀಪರ್ ನೀನೇ ಎಂದು ಕೋಚ್ ಹೇಳಿದ್ದರು. ಒಂದು ಪೂರ್ತಿ ಸೀಸನ್ ಆಡಿದರೆ ದೇಶದ ತಂಡದ ಶಿಬಿರಕ್ಕೆ ಕರೆಯಬಹುದು ಎಂಬ ಆಸೆ ಅವಳಿಗಿತ್ತು. ನಮ್ಮ ನಂಟರಿಗೆ ಇದೆಲ್ಲ ಹಿಡಿಸಲಿಲ್ಲ. ಮದುವೆಯಾದ ಮೇಲೂ ಚೆಂಡಿನ ಹಿಂದೆ ಓಡುತ್ತಾಳಾ ಎಂದು ಮೂಗು ಮುರಿದರು. ನಾನು ಎಲ್ಲರ ಮುಂದೆ ಮಾತು ಕೊಟ್ಟೆ. ಈ ಸೀಸನ್ ಒಂದು ಆಡಲಿ, ಅವಳ ಆಟ ನೋಡಿ, ಆಮೇಲೆ ಬಾಯಿ ಬಿಡಿ ಎಂದೆ.

ಇನ್ನು ನಮ್ಮ ತಪ್ಪು ಕೇಳಿ. ಮುಹೂರ್ತ ಕೇಳಲು ಜೋಯಿಸರ ಮನೆಗೆ ಹೋದಾಗ ಜಾತಕದ ಜೊತೆಗೆ ನಿಮ್ಮ ವೇಳಾಪಟ್ಟಿಯನ್ನೂ ತೆಗೆದುಕೊಂಡು ಹೋಗಿದ್ದೆ. ದಸರಾ ಕಳೆದ ಮೇಲೆ ಶುರು, ಶಿವರಾತ್ರಿ ಹೊತ್ತಿಗೆ ಮುಕ್ತಾಯ ಎಂದು ಅದರಲ್ಲಿತ್ತು. ವಾಗೀಶ ಜೋಯಿಸರು ಕನ್ನಡಕ ಮೇಲೇರಿಸಿ, "ಇದ್ಯಾವ ಪಂಚಾಂಗ ಭಾಗ್ಯಮ್ಮೋರೇ?" ಎಂದರು. "ಇದಕ್ಕೆ ಅಡ್ಡ ಬರದ ದಿನ ಕೊಡಿ ಸ್ವಾಮಿ, ಮಿಕ್ಕಿದ್ದು ನಿಮ್ಮಿಷ್ಟ" ಎಂದೆ. ಯುಗಾದಿ ಕಳೆದು ವೈಶಾಖದಲ್ಲಿ ಒಂದು ಭಾನುವಾರ ಇಟ್ಟುಕೊಟ್ಟರು. ವಿಜಯನಗರದ ಛತ್ರವೂ ಸಿಕ್ಕಿತು. ಗ್ರಹಗತಿಯನ್ನು ಯಾರೂ ಅಷ್ಟಾಗಿ ನೋಡಲಿಲ್ಲ, ನಿಮ್ಮ ಮಾತನ್ನೇ ನಂಬಿದೆವು. ಮುಟ್ಠಾಳತನ ಎಂದರೆ ಇದು.

ದಸರಾ ಕಳೆಯಿತು, ಲೀಗ್ ಶುರುವಾಗಲಿಲ್ಲ. ಸಂಕ್ರಾಂತಿಗೆ ಎಂದಿರಿ. ಎಳ್ಳು ಬೆಲ್ಲ ಬೀರಿ ಮುಗಿಯಿತು, ನಿಮ್ಮ ಸುದ್ದಿಯಿಲ್ಲ. ಆಮೇಲೆ 'ಶೀಘ್ರದಲ್ಲೇ ಪ್ರಕಟಿಸಲಾಗುವುದು' ಎಂದಿರಿ. ಸ್ವಾಮಿ, ಸರ್ಕಾರಿ ಕಚೇರಿಯಲ್ಲಿ ಇದ್ದವಳು ನಾನು, 'ಶೀಘ್ರದಲ್ಲೇ' ಎಂಬ ಪದಕ್ಕೆ ಏನರ್ಥ ಎಂದು ನನಗೆ ಹೇಳಿಕೊಡಬೇಡಿ. ನಮ್ಮೂರ ದಸರಾ ಆನೆಗಳಿಗೂ ಕಾಡಿನಿಂದ ಹೊರಡುವ ದಿನ ನಿಗದಿಯಾಗಿರುತ್ತದೆ. ನಿಮ್ಮ ಆಟಗಾರ್ತಿಯರಿಗೆ ಅಷ್ಟು ಮರ್ಯಾದೆಯೂ ಬೇಡವೇ? ತಿಂಗಳುಗಟ್ಟಲೆ ಸಿಂಚನ ಬೆಳಗಾಗೆದ್ದು ಮೈದಾನಕ್ಕೆ ಹೋಗಿ ಒಬ್ಬಳೇ ನೆಲಕ್ಕೆ ಬಿದ್ದು ಎದ್ದು ಅಭ್ಯಾಸ ಮಾಡಿದಳು. ತಾಳಿದವನು ಬಾಳಿಯಾನು ಅಂತಾರೆ. ಹಾಗೆ ಅಂದವರು ನಿಮ್ಮ ಲೀಗ್ ನೋಡಿರಲಿಲ್ಲ.

ಕೊನೆಗೂ ತಾರೀಕು ಪ್ರಕಟಿಸಿದಿರಿ. ಯಾವಾಗ? ಮನೆ ಮುಂದೆ ಚಪ್ಪರ ಎದ್ದ ಮೇಲೆ. ಭಾನುವಾರ ಧಾರೆ, ಬುಧವಾರ ಬೀಗರ ಔತಣ, ಅದೇ ಬುಧವಾರ ದೂರದ ಊರಿನಲ್ಲಿ ನಿಮ್ಮ ಮೊದಲ ಪಂದ್ಯ. ನಮ್ಮಲ್ಲಿ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಬಾಡೂಟ ಹಾಕಿ, ಮದುಮಕ್ಕಳನ್ನು ನಡುವೆ ಕೂರಿಸಿಕೊಂಡು ಉಂಡರೇ ನಂಟಸ್ತನ ಗಟ್ಟಿಯಾಗುವುದು. ಸಿಂಚನ ಮುಖ ಸಣ್ಣಗೆ ಮಾಡಿಕೊಂಡು, "ಓಗಲ್ಲ ಬುಡಿ ಅತ್ತೆ, ಮನೆ ಮರ್ಯಾದೆ ಪ್ರಶ್ನೆ" ಎಂದಳು. "ಊಟ ಇನ್ನೊಂದ್ಸಲ ಹಾಕುಸ್ಬೋದು ಕಣಮ್ಮ, ಹೋಗ್ಬಾ" ಎಂದೆ. ಹಸಿರು ಬಳೆಗಳ ಮೇಲೆ ಗ್ಲೌಸ್ ತೊಡಲಾಗದು. ಮಂಗಳವಾರ ನಾನೇ ಅವಳ ಕೈಗೆ ಸೋಪು ಹಚ್ಚಿ, ಒಂದೊಂದಾಗಿ ಬಳೆ ಜಾರಿಸಿ ದೇವರ ಮುಂದೆ ಇಟ್ಟೆ. ಮದುವೆಯಾಗಿ ಎರಡೇ ದಿನಕ್ಕೆ ಸೊಸೆಯ ಕೈ ಬರಿದು ಮಾಡಿದ ಅತ್ತೆ ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು.

ಬುಧವಾರ ಬೀಗರು ಬಂದರು. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು ಎಲ್ಲವೂ ಇತ್ತು, ಮದುಮಗಳು ಮಾತ್ರ ಇರಲಿಲ್ಲ. ಲಿಖಿತ್ ಒಬ್ಬನೇ ಎಲೆ ಮುಂದೆ ಕೂತಿದ್ದ. ಸಿಂಚನಳ ತಾಯಿ ಚಾಮುಂಡಮ್ಮ ತಲೆ ತಗ್ಗಿಸಿಕೊಂಡೇ ಉಂಡರು. ನನ್ನ ಓರಗಿತ್ತಿ ಲಕ್ಷ್ಮಮ್ಮ ಎಲ್ಲರಿಗೂ ಕೇಳುವ ಹಾಗೆ, "ಏನ್ ಭಾಗ್ಯ, ಎಲ್ಲವ್ಳೆ ನಿನ್ ಸೊಸೆ?" ಎಂದರು.

"ಗೋಲು ಕಾಯಕ್ ಹೋಗವ್ಳೆ ಕಣಕ್ಕ."

"ಗೋಲು ಕಾಯಕ್ಕಾ? ಸರಿ, ಮನೆ ಕಾಯೋರ್ಯಾರು?"

ಇಂಥ ಮಾತಿಗೆ ಉತ್ತರವಾಗಿರಲಿ ಎಂದೇ ನಾನು ಶಾಮಿಯಾನದಲ್ಲಿ ಮೊದಲೇ ಟಿ.ವಿ. ಇಡಿಸಿದ್ದೆ. ಸೊಸೆ ಇಲ್ಲದಿದ್ದರೇನು, ಪರದೆಯ ಮೇಲೆ ಬರುತ್ತಾಳೆ, ಎಲ್ಲರೂ ನೋಡಲಿ ಎಂಬ ಜಂಬ ನನ್ನದು. ಎಲೆ ಅಡಿಕೆ ಹಾಕಿಕೊಂಡು ನಂಟರೆಲ್ಲ ಕುರ್ಚಿ ಎಳೆದು ಕೂತರು. ಪಂದ್ಯದ ಹೊತ್ತಾಯಿತು. ಸೋಪಿನ ಜಾಹೀರಾತು ಬಂತು. ಸಿಮೆಂಟಿನದು ಬಂತು. ಆಮೇಲೆ ಹಳೆಯದೊಂದು ಕ್ರಿಕೆಟ್ ಪಂದ್ಯ ಶುರುವಾಯಿತು. ಲಿಖಿತ್‌ಗೆ ಅವಳ ಫೋನು ಬಂದಾಗಲೇ ತಿಳಿದದ್ದು, ಪ್ರಸಾರದ ಗಾಡಿ ಮೈದಾನಕ್ಕೆ ಬಾರದ್ದರಿಂದ ಪಂದ್ಯ ಮುಂದಕ್ಕೆ ಹೋಗಿದೆ ಎಂದು. ಮೆಹಂದಿ ಹಚ್ಚಿದ ಕೈಗೆ ಗ್ಲೌಸ್ ತೊಟ್ಟು, ಕಂಬಗಳ ನಡುವೆ ನಿಂತಿದ್ದವಳನ್ನು ವಾಪಸ್ ಕರೆದರಂತೆ. ಲಕ್ಷ್ಮಮ್ಮ ನನ್ನನ್ನು ನೋಡಿ ಲೊಚಗುಟ್ಟಿದರು. ಬೈದಿದ್ದರೇ ಚೆನ್ನಾಗಿತ್ತು.

ಒಂದು ಗಾಡಿ ಬರಲಿಲ್ಲವೆಂದು ಆಟ ನಿಲ್ಲಿಸುವ ನೀವು, ಒಂದು ಹೆಣ್ಣು ತನ್ನ ಮದುವೆಯ ಊಟ ಬಿಟ್ಟು ಬಂದಿದ್ದಾಳೆಂದು ಆಟ ನಡೆಸಲಾಗಲಿಲ್ಲವೇ? ಕ್ಯಾಮೆರಾ ಇಲ್ಲದಿದ್ದರೆ ಚೆಂಡು ಉರುಳುವುದಿಲ್ಲವೇ? ಆಮೇಲೆ ನೀವು ಮಾಡಿದ್ದನ್ನು ಆಟ ಎನ್ನಲು ನನಗೆ ಬಾಯಿ ಬರದು. ಸುಡುಬಿಸಿಲಿನ ಮಧ್ಯಾಹ್ನಗಳಲ್ಲಿ ಹುಡುಗಿಯರನ್ನು ಓಡಿಸಿದಿರಿ. ಸಿಂಚನ ಮೂರು ಪಂದ್ಯ ಆಡುವಷ್ಟರಲ್ಲಿ 'ಸೀಸನ್ ಯಶಸ್ವಿಯಾಗಿ ಸಂಪನ್ನ' ಎಂದು ಪ್ರಕಟಣೆ ಹೊರಡಿಸಿ ಹಾರ ಹಾಕಿಸಿಕೊಂಡಿರಿ. ಶಿಬಿರಕ್ಕೆ ಅವಳನ್ನು ಕರೆಯಲಿಲ್ಲ. ಮೂರು ಪಂದ್ಯದಲ್ಲಿ ಏನು ನೋಡುವುದು ಎಂದರಂತೆ. ಅವರು ಹೇಳಿದ್ದರಲ್ಲಿ ತಪ್ಪೇನಿದೆ?

ಈಗ ಆಷಾಢ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದೆಂದು ಸಿಂಚನ ರಾಜೀವನಗರದ ತೌರಿಗೆ ಹೋಗಿದ್ದಾಳೆ. ಆಷಾಢಕ್ಕಾದರೂ ಕೊನೆಯ ದಿನವೊಂದಿದೆ, ನಿಮ್ಮ ಲೀಗಿಗೆ ವರ್ಷವಿಡೀ ಆಷಾಢ. ಸೀರೆ, ಬಟ್ಟೆ, ಬಾಚಣಿಗೆ ಎಲ್ಲ ಕೊಂಡೊಯ್ದವಳು ಗ್ಲೌಸ್ ಮಾತ್ರ ಇಲ್ಲೇ ಬಿಟ್ಟಿದ್ದಳು. ಅವಳು ಪ್ರತಿದಿನ ಅಭ್ಯಾಸ ಮಾಡುವವಳು, ಮರೆತಿರಬೇಕೆಂದು ಫೋನು ಮಾಡಿದೆ.

"ಮರ್ತಿಲ್ಲ ಅತ್ತೆ" ಎಂದಳು. "ಯಾವ ತಾರೀಕಿಗೆ ಬೇಕಾಗುತ್ತೆ ಅಂತ ಏಳಿ, ಬಂದು ತಗೊಂಡ್ ಓಯ್ತೀನಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಅವಳಿಂದ ಆಟ ಬಿಡಿಸುವ, ನಮ್ಮ ನಂಟರಿಷ್ಟರೆಲ್ಲ ಸೇರಿ ಮಾಡಲಾಗದ ಕೆಲಸವನ್ನು ನೀವು ಒಂದೇ ಸೀಸನ್ನಿನಲ್ಲಿ ಮಾಡಿ ಮುಗಿಸಿದ್ದೀರಿ, ಅಧ್ಯಕ್ಷರೇ. ನನಗೆ ನಿಮ್ಮ ವಿಷಾದ ಬೇಡ, ಸಮಿತಿ ಬೇಡ, 'ಪರಿಶೀಲಿಸಲಾಗುವುದು' ಬೇಡವೇ ಬೇಡ. ಮುಂದಿನ ಸೀಸನ್ ಶುರುವಾಗುವ ದಿನ ಬೇಕು, ಮುಗಿಯುವ ದಿನ ಬೇಕು, ನಡುವೆ ಪೂರ್ತಿ ಆಟ ಬೇಕು. ಶ್ರಾವಣಕ್ಕೆ ನನ್ನ ಸೊಸೆ ಮನೆಗೆ ಬರುತ್ತಾಳೆ. ಅವಳಿಗೆ ನಾನು ಒಂದು ತಾರೀಕು ಹೇಳಬೇಕು.

ಇಂತಿ,
ಸೊಸೆಯ ಬಳೆ ತೆಗೆದಿಟ್ಟು ಗ್ಲೌಸ್ ಕಾಯುತ್ತಾ ಕೂತಿರುವ
ಭಾಗ್ಯಮ್ಮ
ಸರಸ್ವತಿಪುರಂ, ಮೈಸೂರು