ಜಿಪುಣಿಯನ್ನು ಹೆದರಿಸಿದ್ದು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಯಿಬಡಕಿಯ ನಮಸ್ಕಾರ. ವರ್ಷದಿಂದ ಕಾಗದ ಬರೆದಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಬೈಯುವುದನ್ನೆಲ್ಲ ಬೈದು ಮುಗಿಸಿ ಆಮೇಲೆ ಓದು. ನಾನು ಚೆನ್ನಾಗಿದ್ದೇನೆ, ಕೈತುಂಬ ಪರಚುಗಾಯ ಅಷ್ಟೆ.

"ನಿನ್ನ ಮಗಳು ಹೇಗಿದ್ದಾಳೆ?" ಎಂದು ಕೇಳಿದ್ದೆಯಲ್ಲ, ಅವಳ ಕಥೆಯೇ ಈ ಕಾಗದ. ಜೊಂಡಿಗೆ ಬೆಂಕಿ ಬಿದ್ದಾಗ ಸಿಕ್ಕಿದ ಆ ಮೀನುಬೆಕ್ಕಿನ, ಅದೇ ಮೀನು ಹಿಡಿಯುವ ಕಾಡುಬೆಕ್ಕಿನ ಮರಿ, ನಾನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು, ನೋಡನೋಡುತ್ತ ದೊಡ್ಡವಳಾದಳು. ನೀರಿಗೆ ಹಾರಿ ತಾನೇ ಮೀನು ಹಿಡಿಯುವುದು, ಮಿಕ್ಕಿದ್ದನ್ನು ಬಚ್ಚಿಟ್ಟು ಅದರ ಮೇಲೇ ಕೂರುವುದು. ಜಿಪುಣಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಇಲ್ಲಿನ ಜೌಗಿಗೆ ಅರ್ಧಕ್ಕರ್ಧ ಮಣ್ಣು ತುಂಬಿ ಮನೆ ಕಟ್ಟಿದ್ದಾರೆ. ಉಳಿದ ಜೊಂಡಿನಲ್ಲಿ ಕ್ಯಾಮೆರಾ ಕಟ್ಟಿ ಎಣಿಸಿದರೆ ಸಿಕ್ಕ ಬೆಕ್ಕುಗಳು ಬೆರಳೆಣಿಕೆಯಷ್ಟು, ಮರಿ ಹಾಕುವ ಹೆಣ್ಣು ಇನ್ನೂ ಕಡಿಮೆ. ಹಾಗಾಗಿ ಜಿಪುಣಿಯನ್ನು ಜೊಂಡಿಗೆ ಬಿಡಲೇಬೇಕಿತ್ತು. ಆದರೆ ಅಂಚಿನಲ್ಲೆಲ್ಲ ಮೀನು ಸಾಕುವ ಕೊಳಗಳು. ಮನುಷ್ಯರ ಹತ್ತಿರ ಹೋಗುವ ಬೆಕ್ಕು ದೊಣ್ಣೆ ಏಟಿಗೆ ಸಾಯುತ್ತದೆ. ಮುಂಚೆ ನಾವು ಬಿಟ್ಟಿದ್ದ ಒಂದು ಗಂಡು ಹಾಗೇ ಸತ್ತಿತ್ತು.

ನಮ್ಮ ಪ್ರಾಣಿ ಆರೈಕೆ ಕೇಂದ್ರದ ಡಾಕ್ಟರಮ್ಮ ನನ್ನನ್ನು ಕರೆದು, "ಬೇರೆಯವರನ್ನ ಕಂಡ್ರೆ ಓಡ್ತಾಳೆ, ನಿಮ್ಮ ಹತ್ರ ಮಾತ್ರ ಬರ್ತಾಳೆ. ಒಬ್ರನ್ನ ನಂಬಿದ್ರೂ ಕೊನೆಗೆ ಎಲ್ಲರನ್ನೂ ನಂಬ್ತಾಳೆ. ಹೆದರಿಸೋ ಕೆಲಸ ನೀವೇ ಮಾಡ್ಬೇಕು" ಅಂದರು.

"ಬೇರೆ ಯಾರಿಗಾದ್ರೂ ಹೇಳಿ ಮೇಡಂ."

"ಬೇರೆಯವರು ಹೆದರಿಸಿದ್ರೆ ನಿಮ್ಮ ಹಿಂದೆ ಬಂದು ಬಚ್ಚಿಟ್ಕೋತಾಳೆ."



ತಗಡಿನ ಡಬ್ಬಕ್ಕೆ ಕಲ್ಲು ತುಂಬಿ ಕುಲುಕುತ್ತ ಅವಳ ಬೋನಿನೊಳಗೆ ಹೋದೆ. ಆಟವೆಂದುಕೊಂಡು ಓಡಿಬಂದು ಕಾಲಿಗೆ ಮೈ ಉಜ್ಜಿದಳು. ಕಿರುಚಿದೆ, ನಾನು ಕಿರುಚುವುದು ಅವಳಿಗೇನು ಹೊಸದೇ? ಪೈಪು ಹಿಡಿದು ನೀರು ಹಾರಿಸಿದೆ. ನೀರು ಕಂಡರೆ ಕುಣಿಯುವ ಜಾತಿ, ಬಾಯಿ ತೆರೆದು ಕುಡಿದಳು! ಕೊನೆಗೆ ಪೊರಕೆಯಿಂದ ಬಾರಿಸಿದೆ. ಹಿಂದೆ ಸರಿದು ನನ್ನ ಮುಖವನ್ನೇ ನೋಡಿದಳು. ಅಷ್ಟಾದರೂ ಮರುದಿನ ಬಂದಳು ಅಕ್ಕ, ಮತ್ತೆ ಬಾರಿಸಿದೆ. ಬರಬರುತ್ತ ನನ್ನ ಹೆಜ್ಜೆ ಸದ್ದಿಗೇ ಮೂಲೆ ಸೇರಿ ಗುರ್ರೆನ್ನತೊಡಗಿದಳು. ಎಲ್ಲರೂ ಶಭಾಷ್ ಅಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಬಿಟ್ಟ ಮೇಲೆ ತಿಂಗಳುಗಟ್ಟಲೆ ಸುದ್ದಿಯಿಲ್ಲ. ಏನೆಂದು ಬರೆಯಲಿ ನಿನಗೆ? ಈಗ ಬರೆಯುತ್ತಿದ್ದೇನೆ: ಬದುಕಿದ್ದಾಳೆ! ಕ್ಯಾಮೆರಾದಲ್ಲಿ ಕುತ್ತಿಗೆಯ ಮಚ್ಚೆ ನೋಡಿ ಗುರುತು ಹಿಡಿದೆವು. ಹಿಂದೆ ಎರಡು ಮರಿ! ಡಾಕ್ಟರಮ್ಮನೂ ನಾನೂ ಕೈ ಹಿಡಿದುಕೊಂಡು ಕುಣಿದಾಡಿದೆವು. ಅಜ್ಜಿಯಾದೆನೆಂದು ನೀನು ನಗಬೇಡ, ನೀನು ದೊಡ್ಡಜ್ಜಿ.

ಭಾವನ ಮಂಡಿನೋವು ಬೇಗ ವಾಸಿಯಾಗಲಿ. ಮಕ್ಕಳಿಗೆ ನನ್ನ ಮುತ್ತು. ನೀನು ನೂರು ಕಾಲ ಬಾಳಿ ನನ್ನನ್ನು ಹೀಗೇ ಬೈಯುತ್ತಿರು.

ನಿನ್ನ ತಂಗಿ,
ಬಾಯಿಬಡಕಿ

ತಾ.ಕ.: ಒಂದು ಮಾತು ಉಳಿಯಿತು. ಹೋದ ವಾರ ಅವಳನ್ನು ನೋಡಲು ನನ್ನನ್ನೂ ದೋಣಿಯಲ್ಲಿ ಕರೆದೊಯ್ದರು. ಜೊಂಡಿನ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತೆವು. ದಡದಲ್ಲಿ ಮರಿಗಳನ್ನು ನೆಕ್ಕುತ್ತಿದ್ದಳು. ತಡೆಯಲಾರದೆ, ಮೆಲ್ಲಗೆ, "ಜಿಪುಣೀ" ಅಂದುಬಿಟ್ಟೆ. ತಲೆ ಎತ್ತಿದಳು. ದನಿ ಗುರುತು ಹತ್ತಿತು, ನನಗೆ ಗೊತ್ತು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಇನ್ನೊಂದನ್ನು ಮುಂದೆ ದೂಡಿಕೊಂಡು ಓಡಿಹೋದಳು. "ನೋಡಿ, ನೀವು ಕಲಿಸಿದ್ದು ಮರ್ತಿಲ್ಲ" ಎಂದು ಡಾಕ್ಟರಮ್ಮ ಬೆನ್ನು ತಟ್ಟಿದರು. ಇನ್ನು ಆ ಕಡೆ ಹೋಗುವುದಿಲ್ಲ. ಒಳ್ಳೆಯ ತಾಯಿ ಆಗಿದ್ದಾಳೆ. ಆದರೆ ಅವಳು ಮರಿಗಳನ್ನು ಬಚ್ಚಿಟ್ಟದ್ದು ನನಗೆ ಹೆದರಿ, ಅಕ್ಕ.